ಮರಳಿನ ನಡುವೆ ಇಂಗ್ಲೆಂಡಿನ ಕಲ್ಲು: ಸಖೀರ್ ರೇಸ್ ಟ್ರ್ಯಾಕ್ ಕುರಿತ ಪ್ರಶ್ನೆಗಳಿಗೆ ಉತ್ತರ

ಕಳೆದ ಸಂಚಿಕೆಯಲ್ಲಿ ಬಹರೇನ್‌ನ ಸಖೀರ್ ಮರುಭೂಮಿಯಲ್ಲಿರುವ ಫಾರ್ಮುಲಾ ಒನ್ ಟ್ರ್ಯಾಕ್ ಬಗ್ಗೆ ಒಂದು ಪುಟದ ಟಿಪ್ಪಣಿ ಬರೆದಿದ್ದೆ. ಅದಕ್ಕೆ ಬಂದ ಪತ್ರಗಳನ್ನು ಸಂಪಾದಕರು ಕಟ್ಟು ಕಟ್ಟಿ ಕಳುಹಿಸಿದ್ದಾರೆ. ಎಲ್ಲಕ್ಕೂ ಇಲ್ಲಿ ಜಾಗವಿಲ್ಲ. ಒಂದೇ ಬಗೆಯ ಪ್ರಶ್ನೆಗಳನ್ನು ಸೇರಿಸಿ ಉತ್ತರಿಸುತ್ತಿದ್ದೇನೆ. ಹಿಂದಿನ ಬರಹ ಓದದವರಿಗೆ ಒಂದು ಮಾತು: ನಾನು ಬಹರೇನ್‌ನಲ್ಲಿ ರಸ್ತೆ ಕಾಮಗಾರಿಯ ಜಲ್ಲಿ, ಡಾಂಬರು ಪರೀಕ್ಷಿಸುವ ಪ್ರಯೋಗಾಲಯದಲ್ಲಿ ಬಹಳ ವರ್ಷ ದುಡಿದವನು. ರೇಸ್ ನಡೆಯುವ ವಾರಾಂತ್ಯಗಳಲ್ಲಿ ಸ್ವಯಂಸೇವಕ ಮಾರ್ಷಲ್ ಆಗಿ ಟ್ರ್ಯಾಕ್ ಪಕ್ಕದ ಕಟಕಟೆಯಲ್ಲಿ ಬಾವುಟ ಹಿಡಿದು ನಿಂತವನು. ನನ್ನ ಉತ್ತರಗಳಲ್ಲಿ ಕಲ್ಲಿನ ಮಾತು ಹೆಚ್ಚಾಗಿದ್ದರೆ ಕಾರಣ ಇದೇ.

ಟಿವಿಯಲ್ಲಿ ನೋಡಿದರೆ ಸಪ್ಪೆಯಾಗಿ ಕಾಣುತ್ತದೆ. ಕಾಡಿಲ್ಲ, ಬೆಟ್ಟವಿಲ್ಲ, ಊರಿಲ್ಲ. ಅಂಥ ಬಯಲಲ್ಲಿ ಟ್ರ್ಯಾಕ್ ಕಟ್ಟಿದ್ದಾದರೂ ಏಕೆ? (ಉಪನ್ಯಾಸಕರೊಬ್ಬರು)

ಕೊಲ್ಲಿ ದೇಶಗಳಲ್ಲಿ ಫಾರ್ಮುಲಾ ಒನ್ ಮೊದಲು ತಮ್ಮಲ್ಲೇ ನಡೆಯಬೇಕೆಂದು ಬಹರೇನ್ ಹಟ ಹಿಡಿದಿತ್ತು. ಯುವರಾಜ ಸಲ್ಮಾನ್ ಬಿನ್ ಹಮದ್ ಅಲ್ ಖಲೀಫಾ ಇದರ ಹಿಂದಿದ್ದರು. ಜರ್ಮನಿಯ ಹರ್ಮನ್ ಟಿಲ್ಕೆ ನಕ್ಷೆ ಬರೆದರು. 2002ರ ಕೊನೆಗೆ ಕೆಲಸ ಶುರುವಾಯಿತು, 2004ರ ಮಾರ್ಚ್‌ನಲ್ಲಿ ಟ್ರ್ಯಾಕ್ ಉದ್ಘಾಟನೆಯಾಯಿತು. ಖರ್ಚು ಸುಮಾರು 15 ಕೋಟಿ ಡಾಲರ್. 2004ರ ಏಪ್ರಿಲ್ 4ರಂದು ಮಧ್ಯಪ್ರಾಚ್ಯದ ಮೊದಲ ಗ್ರ್ಯಾನ್ ಪ್ರಿ, ಅಂದರೆ ಫಾರ್ಮುಲಾ ಒನ್ ರೇಸ್, ನಡೆದಾಗ ಮೈಕೆಲ್ ಶುಮಾಕರ್ ಗೆದ್ದರು. ಫೆರಾರಿಯ ಅವರ ಜೊತೆಗಾರ ರೂಬೆನ್ಸ್ ಬ್ಯಾರಿಕೆಲೊ ಎರಡನೆಯವರು, ಜೆನ್ಸನ್ ಬಟನ್ ಮೂರನೆಯವರು. ಮೊದಲ ತಿರುವಿಗೆ 2014ರಲ್ಲಿ ಶುಮಾಕರ್ ಹೆಸರನ್ನೇ ಇಟ್ಟರು.

ಇನ್ನು ಸಪ್ಪೆಯ ಮಾತು. ನೀವು ಟಿವಿಯ ಮುಂದೆ ಕುಳಿತು ಹೇಳಿದ್ದೀರಿ, ನಾನು ಒಪ್ಪುವುದಿಲ್ಲ. ಕ್ಯಾಮೆರಾ ಏರಿಳಿತವನ್ನು ನುಂಗಿಬಿಡುತ್ತದೆ. ಈ ಟ್ರ್ಯಾಕ್‌ನ ಅತಿ ತಗ್ಗಿಗೂ ಅತಿ ಎತ್ತರಕ್ಕೂ ಸುಮಾರು 17 ಮೀಟರ್ ಅಂತರವಿದೆ. ಐದು ಮಹಡಿಯ ಕಟ್ಟಡದಷ್ಟು. 5.412 ಕಿ.ಮೀ. ಉದ್ದ, 15 ತಿರುವು, ರೇಸ್‌ಗೆ 57 ಸುತ್ತು. ಉದ್ದನೆಯ ನೇರ ದಾರಿಯ ಕೊನೆಗೆ ಗಂಟೆಗೆ 300 ಕಿ.ಮೀ. ಮೀರಿದ ವೇಗದಿಂದ ಮೊದಲ ತಿರುವಿಗೆ ಬ್ರೇಕ್ ಒತ್ತಬೇಕು. ಎರಡು, ಮೂರು ದಾಟಿದರೆ ದಾರಿ ಏರುತ್ತಾ ನಾಲ್ಕನೆಯದಕ್ಕೆ ಹೋಗುತ್ತದೆ. ಅದು ಎಷ್ಟು ಅಗಲವೆಂದರೆ ಒಬ್ಬ ಒಳಗಿನಿಂದ ನುಗ್ಗಿದರೆ ಇನ್ನೊಬ್ಬ ಹೊರಗಿನಿಂದ ಸುತ್ತಿ ಬಂದು ಮತ್ತೆ ಪಕ್ಕಕ್ಕೆ ಸೇರಿಕೊಳ್ಳಬಹುದು. ಮೊದಲ ತಿರುವಿನಲ್ಲಿ ಕಳೆದುಕೊಂಡ ಸ್ಥಾನವನ್ನು ನಾಲ್ಕರಲ್ಲಿ ಕಿತ್ತುಕೊಳ್ಳುವುದು ಇಲ್ಲಿ ಪ್ರತಿ ವರ್ಷ ನಡೆಯುವ ಕಾಳಗ. ಐದು, ಆರು, ಏಳು ಹಾವಿನ ಹಾಗೆ ಹರಿಯುವ ಇಳಿಜಾರು.

ಆಮೇಲೆ ಒಂಬತ್ತು ಮತ್ತು ಹತ್ತು. ಚಾಲಕರ ಮರ್ಯಾದೆ ತೆಗೆಯುವ ಜಾಗವಿದು. ಎಡಕ್ಕೆ ತಿರುಗುತ್ತಿರುವಾಗಲೇ ಬ್ರೇಕ್ ಒತ್ತಬೇಕು. ಕಾರಿನ ಭಾರವೆಲ್ಲ ಬಲಕ್ಕೆ ವಾಲಿರುತ್ತದೆ, ಎಡ ಮುಂದಿನ ಚಕ್ರ ನೆಲವನ್ನು ಮುಟ್ಟಿಯೂ ಮುಟ್ಟದ ಹಾಗೆ ಹಗುರಾಗಿರುತ್ತದೆ. ಬ್ರೇಕ್ ಕೊಂಚ ಹೆಚ್ಚಾದರೂ ಆ ಚಕ್ರ ಸೆಟೆದು ನಿಂತು, ಬಿಳಿ ಹೊಗೆ ಎದ್ದು, ಕಾರು ಹೊರಕ್ಕೆ ಜಾರುತ್ತದೆ. ನಾನು ಆ ತಿರುವಿನ ಹತ್ತಿರ ಎರಡು ವರ್ಷ ನಿಂತಿದ್ದೇನೆ. ವಿಶ್ವ ಚಾಂಪಿಯನ್‌ಗಳೂ ಅಲ್ಲಿ ತಪ್ಪಿದ್ದನ್ನು ಕಂಡಿದ್ದೇನೆ. ಆ ಜಾಗವನ್ನು ಸಪ್ಪೆ ಎನ್ನಲು ನನಗೆ ಮನಸ್ಸು ಬರುವುದಿಲ್ಲ.

ಈ ಟ್ರ್ಯಾಕ್‌ಗೆ ಇಂಗ್ಲೆಂಡಿನಿಂದ ಹಡಗಿನಲ್ಲಿ ಜಲ್ಲಿ ತರಿಸಿದರೆಂದು ಬರೆದಿದ್ದೀರಿ. ಕಲ್ಲುಮಣ್ಣಿನ ದೇಶಕ್ಕೆ ಕಲ್ಲು ತರಿಸುವುದೇ? ನಿಜವೇ? (ಸಿವಿಲ್ ಎಂಜಿನಿಯರ್ ಒಬ್ಬರು)

ನಿಜ. ನೀವು ಎಂಜಿನಿಯರ್ ಆದ್ದರಿಂದ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಬಹರೇನ್ ದ್ವೀಪದ ನೆಲ ಬಹುಪಾಲು ಸುಣ್ಣಕಲ್ಲು. ಸುಣ್ಣಕಲ್ಲಿನ ಜಲ್ಲಿ ಕಟ್ಟಡಕ್ಕೆ ಆಗುತ್ತದೆ, ಆದರೆ ರಸ್ತೆಯ ಮೇಲ್ಪದರಕ್ಕೆ ಅದು ದ್ರೋಹಿ. ಗಾಲಿ ಓಡಿದಂತೆಲ್ಲ ನುಣುಪಾಗುತ್ತದೆ, ನುಣುಪಾದ ಮೇಲೆ ಜಾರುತ್ತದೆ. ನಮ್ಮ ಪ್ರಯೋಗಾಲಯದಲ್ಲಿ ಇದಕ್ಕೊಂದು ಪರೀಕ್ಷೆಯಿತ್ತು. ಜಲ್ಲಿಯ ಚೂರುಗಳನ್ನು ಬಾಗಿದ ಚಿಕ್ಕ ಅಚ್ಚಿನಲ್ಲಿ ಒತ್ತೊತ್ತಾಗಿ ಜೋಡಿಸಿ, ಅಂಟು ಹಾಕಿ, ಆ ಅಚ್ಚುಗಳನ್ನು ಒಂದು ಚಕ್ರದ ಅಂಚಿಗೆ ಕಟ್ಟುತ್ತಿದ್ದೆವು. ಅದರ ಮೇಲೆ ರಬ್ಬರ್ ಗಾಲಿ ಕುಳಿತು ತಿರುಗುತ್ತದೆ. ನಡುವೆ ನೀರು ಮತ್ತು ಕುರುಂದದ ಪುಡಿ ಸುರಿಯುತ್ತದೆ. ಮೂರು ಗಂಟೆ ದಪ್ಪ ಪುಡಿ, ಮೂರು ಗಂಟೆ ಹಿಟ್ಟಿನಂಥ ಪುಡಿ. ಆಮೇಲೆ ಕಲ್ಲನ್ನು ತೊಳೆದು, ರಬ್ಬರ್ ಪಟ್ಟಿ ಕಟ್ಟಿದ ಲೋಲಕವನ್ನು ಅದರ ಮೇಲೆ ತೂಗಿಬಿಟ್ಟು, ಕಲ್ಲು ಅದನ್ನು ಎಷ್ಟು ಹಿಡಿದು ನಿಲ್ಲಿಸುತ್ತದೆಂದು ಅಳೆಯುವುದು. ಸುಣ್ಣಕಲ್ಲು ಆರು ಗಂಟೆಯ ನಂತರ ಗಾಜಿನ ಹಾಗೆ ಹೊಳೆಯುತ್ತದೆ. ಲೋಲಕ ಅದರ ಮೇಲೆ ತಡೆಯಿಲ್ಲದೆ ಜಾರಿ ಹೋಗುತ್ತದೆ.

ಸಖೀರ್‌ಗೆ ಬಂದದ್ದು ಗ್ರೇವ್ಯಾಕ್ ಎಂಬ ಕಲ್ಲು. ಇಂಗ್ಲೆಂಡಿನ ಶ್ರಾಪ್‌ಶೈರ್‌ನ ಬೇಸ್ಟನ್ ಹಿಲ್ ಕ್ವಾರಿಯದು. ಮರಳುಗಲ್ಲಿನ ಜಾತಿಯೇ, ಆದರೆ ಒಳಗೆ ಗಟ್ಟಿ ಹರಳು, ಮೆತ್ತನೆಯ ಜೇಡಿ ಎರಡೂ ಬೆರೆತಿರುತ್ತವೆ. ಉಜ್ಜಿದಾಗ ಮೆತ್ತನೆಯದು ಮೊದಲು ಸವೆಯುತ್ತದೆ, ಗಟ್ಟಿ ಹರಳು ಮೊಳಕೆಯ ಹಾಗೆ ಮೇಲೇಳುತ್ತದೆ. ಬೀಸುವ ಕಲ್ಲು ನುಣುಪಾದರೆ ಕಲ್ಲುಕುಟಿಗನನ್ನು ಕರೆಸಿ ಮುಳ್ಳು ಹೊಡೆಸುತ್ತೇವಲ್ಲ, ಈ ಕಲ್ಲು ತನಗೆ ತಾನೇ ಮುಳ್ಳು ಹೊಡೆದುಕೊಳ್ಳುತ್ತದೆ ಎಂದುಕೊಳ್ಳಿ. ಅಬುಧಾಬಿಯ ಯಾಸ್ ಮರೀನಾ ಟ್ರ್ಯಾಕ್‌ಗೂ ಇದೇ ಕ್ವಾರಿಯ ಕಲ್ಲೇ ಹೋಯಿತು.

ಮಾರ್ಷಲ್ ಆಗಿ ಮೊದಲ ಬಾರಿ ಟ್ರ್ಯಾಕ್ ಮೇಲೆ ಕಾಲಿಟ್ಟ ದಿನ ನಾನು ಮಾಡಿದ ಮೊದಲ ಕೆಲಸವೆಂದರೆ ಬಗ್ಗಿ ಅಂಗೈ ಸವರಿದ್ದು. ಬೆಕ್ಕಿನ ನಾಲಿಗೆ ತಾಗಿದ ಹಾಗಿತ್ತು. ನಾವು ದಿನವೂ ಕಾರು ಓಡಿಸುವ ಹೆದ್ದಾರಿಯಲ್ಲಿ ಆ ತರಿ ಸಿಗುವುದಿಲ್ಲ. ಸುತ್ತಲಿನ ಬಯಲೆಲ್ಲ ಮಾಸಲು ಹಳದಿಯಾಗಿರುವಾಗ ಈ ಕಪ್ಪು ಪಟ್ಟಿ ಮಾತ್ರ ಬೇರೊಂದು ದೇಶದಿಂದ ಬಂದ ಅತಿಥಿಯ ಹಾಗೆ ಮಲಗಿರುತ್ತದೆ. ವರ್ಷಗಳು ಕಳೆದಂತೆ ಡಾಂಬರಿನ ಮೇಲ್ಮೈ ತೊಳೆದುಹೋಗಿ, ಜಲ್ಲಿ ಇನ್ನಷ್ಟು ಹೊರಗೆ ಬಂದಿದೆ. ಚಾಲಕರು ಇಂದು ಟೈರ್ ಸವೆಯುತ್ತದೆಂದು ಗೊಣಗುವುದಕ್ಕೆ ಈ ಕಲ್ಲೇ ಕಾರಣ. ಮೇಲಿಂದ ಟ್ರ್ಯಾಕ್‌ನ ಸ್ವಭಾವ: ನಿಧಾನದ ತಿರುವು, ಪೂರ್ತಿ ವೇಗ, ಮತ್ತೆ ಗಟ್ಟಿ ಬ್ರೇಕ್. ತಿರುವಿನಿಂದ ಹೊರಬರುವಾಗ ಎಂಜಿನ್‌ನ ಬಲವೆಲ್ಲ ಹಿಂದಿನ ಎರಡು ಟೈರ್‌ಗಳ ಮೂಲಕ ಆ ಮುಳ್ಳುಗಲ್ಲಿನ ಮೇಲೆ ಬೀಳುತ್ತದೆ. ಆದ್ದರಿಂದ ಇಲ್ಲಿ ಹಿಂದಿನ ಟೈರ್ ಉಳಿಸಿಕೊಂಡವನೇ ಗೆಲ್ಲುತ್ತಾನೆ. ಒಂದೇ ಸುತ್ತಿನಲ್ಲಿ ಮಿಂಚುವ ಕಾರು ಹತ್ತನೆಯ ಸುತ್ತಿಗೆ ಜಾರಲು ಶುರುಮಾಡುವುದನ್ನು ನಮ್ಮ ಕಟಕಟೆಯಿಂದ ಬರಿಗಣ್ಣಿನಲ್ಲೇ ನೋಡಬಹುದು.

ಗಾಳಿ ಬೀಸಿದರೆ ಮರಳೆಲ್ಲ ದಾರಿಗೆ ಬರುವುದಿಲ್ಲವೇ?

ಬರುತ್ತದೆ. ಯಾರೂ ಪೂರ್ತಿ ತಡೆಯಲಾರರು. ಮೊದಲ ರೇಸ್‌ಗೆ ಮುಂಚೆ ಎಲ್ಲರಿಗೂ ಇದ್ದ ದೊಡ್ಡ ಭಯವೇ ಇದು. ಮರಳು ಒಳಗೆ ಸೇರಿದರೆ ಎಂಜಿನ್ ಕೆಡುತ್ತದೆ, ಟೈರ್‌ಗೆ ಅಂಟಿದರೆ ಹಿಡಿತ ಹೋಗುತ್ತದೆ. ಅದಕ್ಕಾಗಿ ಟ್ರ್ಯಾಕ್ ಸುತ್ತಲಿನ ಮರಳಿನ ಮೇಲೆ ಅಂಟು ದ್ರಾವಣ ಸಿಂಪಡಿಸಿದರು. ಮೇಲೊಂದು ತೆಳು ಹಪ್ಪಳ ಕಟ್ಟಿ ಮರಳು ಏಳದಂತೆ ಹಿಡಿಯುತ್ತದೆ. ಪಿಟ್ (ರೇಸ್ ನಡುವೆ ಟೈರ್ ಬದಲಿಸುವ ಜಾಗ) ಮತ್ತು ಪ್ರೇಕ್ಷಕರ ಗ್ಯಾಲರಿಯ ಸುತ್ತ ಹಸಿರು ಹುಲ್ಲು ಬೆಳೆಸಿ ಅದನ್ನು ಓಯಸಿಸ್ ಭಾಗವೆಂದು ಕರೆದರು, ಹೊರಭಾಗವನ್ನು ಮರುಭೂಮಿಯಾಗಿಯೇ ಬಿಟ್ಟರು.

ಆದರೂ ವಾಯವ್ಯದಿಂದ ಶಮಾಲ್ ಗಾಳಿ ಎದ್ದಿತೆಂದರೆ ಆ ದಿನ ಬೇರೆಯೇ ಲೆಕ್ಕ. ಮರಳು ಹಾರಿ ಬರುವುದು ಕಣ್ಣಿಗೆ ಕಾಣುವುದಿಲ್ಲ. ಮೊದಲು ಹಲ್ಲಿನ ನಡುವೆ ಕರಕರ ಎನ್ನುತ್ತದೆ, ಆಮೇಲೆ ಬಿಳಿ ಬಾವುಟ ನಸುಗೆಂಪಾಗುತ್ತದೆ. ಶುಕ್ರವಾರದ ಮೊದಲ ಅಭ್ಯಾಸದಲ್ಲಿ ಹೊರಬರುವ ಮೊದಲ ಕಾರು ಹಿಂದೆ ದೂಳಿನ ಬಾಲ ಎಳೆದುಕೊಂಡು ಹೋಗುತ್ತದೆ. ಕಾರುಗಳು ಓಡಿದಂತೆ ಒಂದು ಪಟ್ಟಿ ಮಾತ್ರ ಸ್ವಚ್ಛವಾಗಿ, ರಬ್ಬರ್ ಕೂತು, ಕಪ್ಪಾಗುತ್ತದೆ. ಆ ಪಟ್ಟಿಯಿಂದ ಒಂದು ಅಡಿ ಹೊರಗೆ ಹೋದರೂ ಜಾರುಬಂಡಿ. ರಾತ್ರಿ ಗಾಳಿ ಬೀಸಿದರೆ ಶನಿವಾರ ಬೆಳಿಗ್ಗೆಗೆ ಕಪ್ಪು ಪಟ್ಟಿ ಮತ್ತೆ ಮಾಯ, ಮತ್ತೆ ಮೊದಲಿಂದ. ಗಾಳಿಯ ದಿಕ್ಕು ಬದಲಾದರೆ ಬ್ರೇಕ್ ಒತ್ತುವ ಜಾಗವೂ ಬದಲಾಗುತ್ತದೆ. ಎದುರು ಗಾಳಿಯಿದ್ದರೆ ಕಾರು ನೆಲಕ್ಕೆ ಅಂಟುತ್ತದೆ, ಹಿಂದಿನಿಂದ ತಳ್ಳಿದರೆ ನಿನ್ನೆ ಸರಿಯಾಗಿ ನಿಂತ ಜಾಗದಲ್ಲಿ ಇಂದು ನಿಲ್ಲುವುದಿಲ್ಲ. ಒಂದೇ ಟ್ರ್ಯಾಕ್‌ನಲ್ಲಿ ಮೂರು ದಿನ ಮೂರು ಟ್ರ್ಯಾಕ್ ಓಡಿಸಿದ ಹಾಗೆ.

ಈ ಟ್ರ್ಯಾಕ್‌ನ ಲ್ಯಾಪ್ ದಾಖಲೆ 2005ರದ್ದು ಎಂದು ಓದಿದೆ. ಅಲ್ಲಿಂದ ಕಾರುಗಳು ವೇಗವಾಗಿಲ್ಲವೇ? (ಪಿಯುಸಿ ವಿದ್ಯಾರ್ಥಿ)

ಒಳ್ಳೆಯ ಪ್ರಶ್ನೆ. ಅಧಿಕೃತ ಲ್ಯಾಪ್ ದಾಖಲೆಗೆ ರೇಸ್‌ನಲ್ಲಿ ಓಡಿದ ಸುತ್ತುಗಳು ಮಾತ್ರ ಲೆಕ್ಕ. 2005ರಲ್ಲಿ ಮೆಕ್‌ಲಾರೆನ್‌ನ ವಾನ್ ಪಾಬ್ಲೊ ಮೊಂಟೊಯಾ ಭುಜಕ್ಕೆ ಪೆಟ್ಟಾಗಿ ಹೊರಗುಳಿದಾಗ ಅವರ ಬದಲಿಗೆ ಪೆದ್ರೊ ಡಿ ಲಾ ರೋಸಾ ಬಂದರು. ಬದಲಿ ಆಟಗಾರ! ಅವರು ಐದನೆಯವರಾಗಿ ಮುಗಿಸಿದರು, ಆದರೆ ಒಂದು ಸುತ್ತನ್ನು 1 ನಿಮಿಷ 31.447 ಸೆಕೆಂಡ್‌ನಲ್ಲಿ ಓಡಿದರು. ಇಪ್ಪತ್ತು ವರ್ಷ ಕಳೆದರೂ 5.412 ಕಿ.ಮೀ. ಹಾದಿಯಲ್ಲಿ ರೇಸ್ ನಡುವೆ ಅದನ್ನು ಯಾರೂ ಮುರಿಯಲಿಲ್ಲ.

ಯಾರು ಯಾವ ಸ್ಥಾನದಿಂದ ಹೊರಡಬೇಕೆಂದು ತೀರ್ಮಾನಿಸುವ ಅರ್ಹತಾ ಸುತ್ತಿನ ಲೆಕ್ಕ ಬೇರೆ. 2020ರಲ್ಲಿ ಲೂಯಿಸ್ ಹ್ಯಾಮಿಲ್ಟನ್ ಪೋಲ್, ಅಂದರೆ ಎಲ್ಲರ ಮುಂದೆ ನಿಂತು ಹೊರಡುವ ಸ್ಥಾನ, ಪಡೆದ ಸಮಯ 1 ನಿಮಿಷ 27.264 ಸೆಕೆಂಡ್. ಅಂದರೆ ಕಾರು ನಿಧಾನವಾಗಿಲ್ಲ. 2005ರ ಕಾರು ಚಾಲಕನೂ ಸೇರಿ ಸುಮಾರು 600 ಕಿಲೋ, ರೇಸ್ ನಡುವೆ ಇಂಧನ ತುಂಬಿಸಬಹುದಿತ್ತು, ಹಾಗಾಗಿ ಹೊಟ್ಟೆ ಹಗುರಾಗಿಯೇ ಓಡುತ್ತಿತ್ತು. 2010ರಿಂದ ಇಂಧನ ತುಂಬಿಸುವುದು ನಿಂತಿತು. 2024ರಲ್ಲಿ ಕಾರಿನ ಕನಿಷ್ಠ ತೂಕವೇ 798 ಕಿಲೋ, ಅದರ ಮೇಲೆ ಇಡೀ ರೇಸ್‌ನ ಇಂಧನ. ಜೊತೆಗೆ ನಾನು ಹೇಳಿದ ಮುಳ್ಳುಗಲ್ಲು. ಯಾರು ತಾನೇ ಟೈರ್ ಸುಟ್ಟುಕೊಂಡು ದಾಖಲೆ ಬೆನ್ನಟ್ಟುತ್ತಾರೆ?

ರಾತ್ರಿ ಏಕೆ ಓಡಿಸುತ್ತಾರೆ? ಬಿಸಿಲಿಗೆ ಹೆದರಿಯೇ?

ಮೊದಲ ಹತ್ತು ವರ್ಷ ಹಗಲಲ್ಲೇ ಓಡಿತು. ಹತ್ತನೆಯ ವರ್ಷದ ನೆನಪಿಗೆ, 2014ರಲ್ಲಿ, ದೀಪಗಳ ಕೆಳಗೆ ಮೊದಲ ಬಾರಿ ರಾತ್ರಿ ರೇಸ್ ಮಾಡಿದರು. ಯುರೋಪಿನ ಟಿವಿ ವೇಳೆಗೂ ಅದು ಹೊಂದಿತು. ಆದರೆ ರಾತ್ರಿ ತಂದ ಬದಲಾವಣೆ ದೀಪದ ಚಂದಕ್ಕಿಂತ ದೊಡ್ಡದು. ಮಧ್ಯಾಹ್ನದ ಅಭ್ಯಾಸದಲ್ಲಿ ಕಾಯ್ದ ಹೆಂಚಿನಂತಿರುವ ಡಾಂಬರು, ಸೂರ್ಯ ಮುಳುಗಿದ ಮೇಲೆ ಸರಸರನೆ ತಣ್ಣಗಾಗುತ್ತದೆ. ಮೋಡವಿಲ್ಲದ ಬಯಲಲ್ಲಿ ಶಾಖ ನಿಲ್ಲುವುದಿಲ್ಲ. ಹೀಗಾಗಿ ಶುಕ್ರವಾರದ ಮೊದಲ ಅಭ್ಯಾಸ, ಶನಿವಾರದ ಕೊನೆಯ ಅಭ್ಯಾಸ, ಈ ಎರಡರಲ್ಲೂ ತಂಡಗಳು ಕಲಿತದ್ದು ರಾತ್ರಿ ಅಷ್ಟಾಗಿ ಉಪಯೋಗಕ್ಕೆ ಬರುವುದಿಲ್ಲ. ಎರಡನೆಯ ಅಭ್ಯಾಸ ಒಂದೇ ಸಂಜೆ ಹೊತ್ತಿನದು. ಆ ಒಂದು ಗಂಟೆಗೆ ಅಷ್ಟು ಬೆಲೆ.

ಆ 2014ರ ರಾತ್ರಿಯನ್ನು ನಾನು ಮರೆಯಲಾರೆ. ಮರ್ಸಿಡಿಸ್‌ನ ಹ್ಯಾಮಿಲ್ಟನ್ ಮತ್ತು ನಿಕೊ ರೋಸ್‌ಬರ್ಗ್ ಒಂದೇ ತಂಡದವರಾಗಿಯೂ ಕೊನೆಯವರೆಗೆ ಚಕ್ರಕ್ಕೆ ಚಕ್ರ ತಾಗುವಷ್ಟು ಹತ್ತಿರ ಹೋರಾಡಿದರು. ಕೊನೆಯ ಭಾಗದಲ್ಲಿ ಸೇಫ್ಟಿ ಕಾರ್ (ಅಪಘಾತವಾದಾಗ ಮುಂದೆ ಓಡಿ ಎಲ್ಲರನ್ನೂ ನಿಧಾನ ಮಾಡಿಸುವ ಕಾರು) ಒಳಹೋದಾಗ ರೋಸ್‌ಬರ್ಗ್ ಬಳಿ ಮೆತ್ತನೆಯ, ವೇಗದ ಟೈರ್ ಇತ್ತು. ಹ್ಯಾಮಿಲ್ಟನ್ ಬಳಿ ಗಟ್ಟಿ ಟೈರ್. ಒಂದನೆಯ ತಿರುವಿನಲ್ಲಿ ರೋಸ್‌ಬರ್ಗ್ ಮುಂದೆ, ನಾಲ್ಕರಲ್ಲಿ ಹ್ಯಾಮಿಲ್ಟನ್ ಮುಂದೆ. ನಮ್ಮ ಪೋಸ್ಟ್‌ನ ಮುಖ್ಯಸ್ಥರು ಮಾತ್ರ ಕಾರು ನೋಡದೆ ನಮ್ಮ ಕಣ್ಣು ನೋಡುತ್ತಿದ್ದರು, ಮಾರ್ಷಲ್ ರೇಸ್ ನೋಡಬಾರದು, ತನ್ನ ತಿರುವು ನೋಡಬೇಕು ಎಂಬುದು ಅವರ ಪಾಠ. ಹ್ಯಾಮಿಲ್ಟನ್ ಸುಮಾರು ಒಂದು ಸೆಕೆಂಡ್ ಅಂತರದಲ್ಲಿ ಗೆದ್ದರು. ಫೋರ್ಸ್ ಇಂಡಿಯಾದ ಸೆರ್ಗಿಯೊ ಪೆರೆಜ್ ಮೂರನೆಯವರು. ಭಾರತದ ಹೆಸರು ಹೊತ್ತ ತಂಡ ಆ ವೇದಿಕೆಯ ಮೇಲೆ ನಿಂತಾಗ ನಮ್ಮ ಪೋಸ್ಟ್‌ನಲ್ಲಿದ್ದ ಭಾರತೀಯರೆಲ್ಲ ಕೈಗವಸು ತೆಗೆದು ಚಪ್ಪಾಳೆ ತಟ್ಟಿದೆವು.

2020ರಲ್ಲಿ ಬೆಂಕಿಯಿಂದ ಒಬ್ಬ ಚಾಲಕ ಎದ್ದು ಬಂದ ವಿಡಿಯೊ ನೋಡಿದ್ದೇನೆ. ನೀವು ಅಲ್ಲಿದ್ದಿರಾ? (ಹಲವರು)

ಆ ಸಂಜೆ ನಾನು ಟ್ರ್ಯಾಕ್‌ನ ಇನ್ನೊಂದು ಬದಿಯಲ್ಲಿದ್ದೆ. 2020ರ ನವೆಂಬರ್ 29. ಕೋವಿಡ್ ಕಾಲ. ಗ್ಯಾಲರಿಯಲ್ಲಿ ಆರೋಗ್ಯ ಸಿಬ್ಬಂದಿ ಮತ್ತು ಅವರ ಮನೆಯವರು ಮಾತ್ರ. ಮೊದಲ ಸುತ್ತು ಇನ್ನೂ ಅರ್ಧವೂ ಆಗಿರಲಿಲ್ಲ, ಮೂರನೆಯ ತಿರುವಿನ ಕಡೆ ಕತ್ತಲೆಯಲ್ಲಿ ಕಿತ್ತಳೆ ಬಣ್ಣ ಎದ್ದಿತು. ದೀಪಗಳ ಬಿಳಿ ಬೆಳಕಿನ ನಡುವೆ ಆ ಬಣ್ಣ ಬರಬಾರದು. ವಯರ್‌ಲೆಸ್‌ನಲ್ಲಿ ಕೆಂಪು ಬಾವುಟ ಎಂದಿತು, ತೋರಿಸಿದೆವು. ಆಮೇಲೆ ನಮಗೆ ಏನೂ ತಿಳಿಯದ ಆ ಕೆಲವು ನಿಮಿಷಗಳು. ನನ್ನ ಪಕ್ಕದಲ್ಲಿದ್ದ ಹುಡುಗ ಬಾವುಟದ ಕೋಲನ್ನು ಎರಡೂ ಕೈಯಲ್ಲಿ ಹಿಡಿದು ಅಲುಗದೆ ನಿಂತಿದ್ದ.

ನಡೆದದ್ದು ಹೀಗೆ: ರೊಮೇನ್ ಗ್ರೋಜಾನ್ ಬಲಕ್ಕೆ ಸರಿಯುವಾಗ ಹಿಂದಿದ್ದ ಡ್ಯಾನಿಲ್ ಕ್ವ್ಯಾಟ್ ಅವರ ಕಾರಿಗೆ ತಾಗಿ, ಗಂಟೆಗೆ 192 ಕಿ.ಮೀ. ವೇಗದಲ್ಲಿ ಉಕ್ಕಿನ ತಡೆಬೇಲಿಗೆ ನುಗ್ಗಿದರು. 67 ಜಿ ಬಲದ ಹೊಡೆತ, ಅಂದರೆ ಭೂಮಿಯ ಸೆಳೆತದ 67 ಪಟ್ಟು. ಕಾರು ಎರಡು ತುಂಡಾಯಿತು, ಮುಂಭಾಗ ಬೇಲಿಯ ಪಟ್ಟಿಗಳನ್ನು ಸೀಳಿ ಒಳಹೊಕ್ಕಿತು, ಬೆಂಕಿ ಹತ್ತಿತು. ತಲೆಯ ಮುಂದಿನ ಟೈಟಾನಿಯಂ ಕಮಾನು, ಅದನ್ನೇ ಹೇಲೋ ಎನ್ನುತ್ತಾರೆ, ಆ ಪಟ್ಟಿಗಳು ತಲೆಗೆ ಬಡಿಯದಂತೆ ತಡೆಯಿತು. 2018ರಲ್ಲಿ ಅದನ್ನು ಕಡ್ಡಾಯ ಮಾಡುವಾಗ ಗ್ರೋಜಾನ್ ಅವರೇ ವಿರೋಧಿಸಿದ್ದರು. ಆಸ್ಪತ್ರೆಯ ಹಾಸಿಗೆಯಿಂದ ಅವರೇ ಅದನ್ನು ಹೊಗಳಿದರು.

ಮೊದಲ ಸುತ್ತಿನಲ್ಲಿ ವೈದ್ಯಕೀಯ ಕಾರು ರೇಸ್ ಕಾರುಗಳ ಹಿಂದೆಯೇ ಓಡುತ್ತದೆ. ನಮ್ಮ ತರಬೇತಿಯಲ್ಲಿ ಈ ನಿಯಮ ಕೇಳಿದ್ದೆ, ಅದರ ಬೆಲೆ ತಿಳಿದದ್ದು ಅಂದು. ಅಲನ್ ವಾನ್ ಡರ್ ಮರ್ವ ಓಡಿಸುತ್ತಿದ್ದರು, ಡಾಕ್ಟರ್ ಇಯಾನ್ ರಾಬರ್ಟ್ಸ್ ಪಕ್ಕದಲ್ಲಿದ್ದರು. ಕೆಲವೇ ಸೆಕೆಂಡುಗಳಲ್ಲಿ ಅವರು ಅಲ್ಲಿದ್ದರು. ಅತ್ತ ಕಡೆಯಿಂದ ಅಗ್ನಿಶಾಮಕ ಸಿಬ್ಬಂದಿ ಭಾರದ ಸಿಲಿಂಡರ್ ಹೊತ್ತು ಟ್ರ್ಯಾಕ್ ದಾಟಿ ಓಡಿ ಬಂದರು. ಗ್ರೋಜಾನ್ ಅವರ ಎಡಗಾಲು ಸಿಕ್ಕಿಕೊಂಡಿತ್ತು, ಬೂಟು ಅಲ್ಲೇ ಬಿಟ್ಟು ಕಾಲು ಎಳೆದುಕೊಂಡರು. ಸುಮಾರು ಅರ್ಧ ನಿಮಿಷ ಬೆಂಕಿಯೊಳಗಿದ್ದು, ಕೈಗಳು ಸುಟ್ಟರೂ, ತಾವಾಗಿಯೇ ಮೇಲೆದ್ದು ಬೇಲಿ ಹತ್ತಿದರು. ಡಾಕ್ಟರ್ ಅವರನ್ನು ಹಿಡಿದು ಈಚೆಗೆ ತಂದರು.

“ಹೊರಗೆ ಬಂದಿದ್ದಾರೆ” ಎಂದು ವಯರ್‌ಲೆಸ್‌ನಲ್ಲಿ ಕೇಳಿದಾಗ ಆ ಹುಡುಗ ಅಲ್ಲೇ ನೆಲಕ್ಕೆ ಕುಳಿತ. ನಾನೂ ಕುಳಿತೆ.

ರೇಸ್ ಮತ್ತೆ ಶುರುವಾಗಲು ಒಂದು ಗಂಟೆಗೂ ಹೆಚ್ಚು ಹಿಡಿಯಿತು. ಮುಂದಿನ ವಾರದ ರೇಸ್‌ಗೆ ಆ ಜಾಗದ ಬೇಲಿ ರಿಪೇರಿಯಾಗಿ, ಮುಂದೆ ಎರಡು ಸಾಲು ಟೈರ್ ಜೋಡಿಸಿ ಬೆಲ್ಟ್ ಸುತ್ತಿದ್ದರು.

ಆ ಮುಂದಿನ ವಾರ ಬೇರೆ ದಾರಿಯಲ್ಲಿ ಓಡಿಸಿದರಂತೆ?

ಹೌದು, ಹೊರವರ್ತುಲ. 3.543 ಕಿ.ಮೀ. ಮಾತ್ರ, 87 ಸುತ್ತು. ನಡುವಿನ ಹಾವಿನ ದಾರಿ ಬಿಟ್ಟು ಹೊರಗಿನಿಂದಲೇ ಸುತ್ತಿದರು. ವಾಲ್ಟೆರಿ ಬೊಟ್ಟಾಸ್ 53.377 ಸೆಕೆಂಡ್‌ನಲ್ಲಿ ಪೋಲ್ ಪಡೆದರು, ಫಾರ್ಮುಲಾ ಒನ್ ಚರಿತ್ರೆಯಲ್ಲೇ ಅತಿ ಕಡಿಮೆ ಸಮಯದ ಪೋಲ್ ಸುತ್ತು ಅದು. ಹ್ಯಾಮಿಲ್ಟನ್‌ಗೆ ಕೋವಿಡ್ ಬಂದು ಜಾರ್ಜ್ ರಸೆಲ್ ಮರ್ಸಿಡಿಸ್ ಏರಿದರು. ಗೆಲ್ಲುವಂತಿದ್ದರು, ಪಿಟ್‌ನಲ್ಲಿ ಬೊಟ್ಟಾಸ್ ಅವರ ಟೈರ್‌ಗಳನ್ನು ತಪ್ಪಿ ಇವರ ಕಾರಿಗೆ ಹಾಕಿದರು, ಆಮೇಲೆ ಟೈರ್ ಪಂಕ್ಚರ್ ಬೇರೆ. ಮೊದಲ ಸುತ್ತಿನಲ್ಲೇ ನಾಲ್ಕನೆಯ ತಿರುವಿನಲ್ಲಿ ಪೆಟ್ಟು ತಿಂದು ಕೊನೆಯ ಸ್ಥಾನಕ್ಕೆ ಬಿದ್ದಿದ್ದ ಪೆರೆಜ್ ಗೆದ್ದರು. 190ನೆಯ ರೇಸ್‌ನಲ್ಲಿ ಅವರ ಮೊದಲ ಗೆಲುವು. ಮುಂದಿನ ವರ್ಷಕ್ಕೆ ತಂಡವೇ ಖಚಿತವಾಗಿರದಿದ್ದ ಮನುಷ್ಯ ಆ ರಾತ್ರಿ ಅತ್ತದ್ದನ್ನು ನೋಡಿದವರಿಗೆ ಈ ಆಟ ಯಂತ್ರಗಳದ್ದು ಮಾತ್ರ ಎನ್ನಲು ಬಾಯಿ ಬರುವುದಿಲ್ಲ.

ಹಾದಿ ಬದಲಿಸಿದ್ದು ಅದೇ ಮೊದಲಲ್ಲ. 2010ರಲ್ಲಿ ಇನ್ನಷ್ಟು ತಿರುವು ಸೇರಿಸಿ 6.299 ಕಿ.ಮೀ. ಮಾಡಿದರು. ಫರ್ನಾಂಡೊ ಅಲಾನ್ಸೊ ಗೆದ್ದರು, ರೇಸ್ ಮಾತ್ರ ಎಳೆದಾಡಿತು. ಮತ್ತೆ ಆ ದಾರಿಯನ್ನು ಬಳಸಲಿಲ್ಲ, ಸರಿಯಾಗಿಯೇ ಮಾಡಿದರು.

ಜನ ಬೀದಿಗಿಳಿದಿದ್ದಾಗಲೂ ಅಲ್ಲಿ ರೇಸ್ ನಡೆಸಿದರಲ್ಲ. ನಿಮಗೆ ಏನೂ ಅನಿಸಲಿಲ್ಲವೇ?

ಅನಿಸಿತು. ಈ ಪತ್ರ ಬರೆದವರ ಕೋಪ ನ್ಯಾಯವಾದದ್ದು. ತೇಲಿಸಿ ಉತ್ತರಿಸುವುದಿಲ್ಲ.

2011ರ ಫೆಬ್ರುವರಿಯಲ್ಲಿ ರಾಜಧಾನಿ ಮನಾಮಾದಲ್ಲಿ ಸರ್ಕಾರದ ವಿರುದ್ಧ ಪ್ರತಿಭಟನೆ ಎದ್ದಿತು, ಪ್ರಾಣಗಳು ಹೋದವು. ಟ್ರ್ಯಾಕ್‌ನಲ್ಲಿ ನಡೆಯಬೇಕಿದ್ದ ಕಿರಿಯರ ರೇಸ್ ರದ್ದಾಯಿತು, ವೈದ್ಯಕೀಯ ಸಿಬ್ಬಂದಿ ನಗರದ ಆಸ್ಪತ್ರೆಗಳಿಗೆ ಬೇಕಾಗಿದ್ದರು. ಮಾರ್ಚ್‌ನ ಗ್ರ್ಯಾನ್ ಪ್ರಿಯನ್ನು ಕೈಬಿಟ್ಟರು, ಅಕ್ಟೋಬರ್‌ಗೆ ಮುಂದೂಡಿ ಕೊನೆಗೆ ಅದನ್ನೂ ಬಿಟ್ಟರು. ಟ್ರ್ಯಾಕ್‌ನ ನೌಕರರಲ್ಲೇ ಕೆಲವರನ್ನು ಬಂಧಿಸಿದ, ಕೆಲಸದಿಂದ ತೆಗೆದ ಸುದ್ದಿಯನ್ನು ಆಗಿನ ಪತ್ರಿಕೆಗಳು ವರದಿ ಮಾಡಿದ್ದವು. 2012ರಲ್ಲಿ ಬಿಗಿ ಕಾವಲಿನಲ್ಲಿ ರೇಸ್ ನಡೆಯಿತು, ಸೆಬಾಸ್ಟಿಯನ್ ವೆಟ್ಟೆಲ್ ಗೆದ್ದರು. ಅದೇ ವಾರಾಂತ್ಯದಲ್ಲಿ ಪ್ರತಿಭಟನಕಾರರೊಬ್ಬರು ಶವವಾಗಿ ಸಿಕ್ಕರು. ಫೋರ್ಸ್ ಇಂಡಿಯಾದ ಸಿಬ್ಬಂದಿ ಇದ್ದ ಗಾಡಿ ಪೆಟ್ರೋಲ್ ಬಾಂಬ್ ಗಲಾಟೆಯ ನಡುವೆ ಸಿಕ್ಕಿ, ತಂಡ ಕತ್ತಲಾಗುವ ಮುಂಚೆ ಹೋಟೆಲ್ ಸೇರಲೆಂದು ಎರಡನೆಯ ಅಭ್ಯಾಸವನ್ನೇ ಬಿಟ್ಟಿತು.

ಆ ವರ್ಷ ನಾನು ಮಾರ್ಷಲ್ ಆಗಿ ಹೋಗಲಿಲ್ಲ. ಪ್ರಯೋಗಾಲಯದಲ್ಲಿ ನನ್ನ ಎದುರಿನ ಮೇಜಿನ ಗೆಳೆಯ ತಮ್ಮ ಊರಿನ ಒಂದು ಅಂತ್ಯಕ್ರಿಯೆಗೆ ಹೋಗಿ ಬಂದು ಮಾತಿಲ್ಲದೆ ಕುಳಿತಿದ್ದರು. ಅವರ ಮುಂದೆ ಬಾವುಟದ ಮಾತು ಎತ್ತಲು ನನ್ನಿಂದ ಆಗಲಿಲ್ಲ. ಮರುವರ್ಷ ಅವರೇ “ಹೋಗು, ಅಲ್ಲಿ ಯಾರಾದರೂ ಬಿದ್ದರೆ ಎತ್ತುವವರು ಬೇಕಲ್ಲ” ಎಂದರು. ಹೋದೆ. ಟ್ರ್ಯಾಕ್ ಬಗ್ಗೆ ನನಗಿರುವ ಪ್ರೀತಿ ಆ ವರ್ಷವನ್ನು ಮುಚ್ಚಿಡುವುದಿಲ್ಲ, ಮುಚ್ಚಿಡಬಾರದು.

ಭಾರತದವರು ಅಲ್ಲಿ ಓಡಿಸಿದ್ದಾರೆಯೇ?

ನರೇನ್ ಕಾರ್ತಿಕೇಯನ್ 2005ರಲ್ಲಿ ಜೋರ್ಡನ್ ತಂಡಕ್ಕೆ, 2012ರಲ್ಲಿ ಎಚ್‌ಆರ್‌ಟಿ ತಂಡಕ್ಕೆ ಓಡಿಸಿದರು. ಕರುಣ್ ಚಾಂದೋಕ್ ಅವರ ಮೊದಲ ಫಾರ್ಮುಲಾ ಒನ್ ರೇಸ್ 2010ರ ಬಹರೇನ್. ಎಚ್‌ಆರ್‌ಟಿ ತಂಡ ಕಾರನ್ನು ಗ್ಯಾರೇಜ್‌ನಲ್ಲೇ ಜೋಡಿಸುತ್ತಿತ್ತು. ಅಭ್ಯಾಸಕ್ಕೆ ಕಾರು ಸಿದ್ಧವಾಗಲೇ ಇಲ್ಲ. ಆ ಕಾರನ್ನು ಅವರು ಮೊದಲ ಬಾರಿ ಓಡಿಸಿದ್ದೇ ಅರ್ಹತಾ ಸುತ್ತಿನಲ್ಲಿ! ರೇಸ್ ಶುರುವಾದ ಕೂಡಲೇ ಉಬ್ಬಿಗೆ ಹಾರಿ ಬೇಲಿಗೆ ಬಡಿದು ಮುಗಿಯಿತು. ಫಲಿತಾಂಶದ ಪಟ್ಟಿಯಲ್ಲಿ ಅದು ಸೋಲು. ಹೊಚ್ಚ ಹೊಸ ಕಾರನ್ನು ಪೂರ್ವಾಭ್ಯಾಸವಿಲ್ಲದೆ ಆ ಮರಳಿನ ದಾರಿಗೆ ಇಳಿಸಿದ ಧೈರ್ಯ ಪಟ್ಟಿಯಲ್ಲಿ ಬರುವುದಿಲ್ಲ.

ಗೆದ್ದವರು ಶಾಂಪೇನ್ ಎರಚುವುದಿಲ್ಲವಂತೆ.

ಇಲ್ಲ. ವಾರ್ದ್ ಎಂಬ ಪಾನೀಯ, ಗುಲಾಬಿ ನೀರು ಮತ್ತು ದಾಳಿಂಬೆಯದು. ಅರಬ್ಬಿಯಲ್ಲಿ ವಾರ್ದ್ ಎಂದರೆ ಗುಲಾಬಿ.

ಮರಳನ್ನು ಯಾರು ಗುಡಿಸುತ್ತಾರೆ? (ಏಳನೆಯ ತರಗತಿಯ ಹುಡುಗಿ)

ಮಗೂ, ನಿನ್ನ ಪತ್ರವನ್ನು ಕೊನೆಗೆ ಇಟ್ಟುಕೊಂಡದ್ದು ಅದು ನನಗೆ ಬಹಳ ಇಷ್ಟವಾದದ್ದರಿಂದ. ಗುಡಿಸುವ ದೊಡ್ಡ ಲಾರಿಗಳಿವೆ. ಕೆಳಗೆ ತಿರುಗುವ ಬ್ರಷ್, ಮೇಲೆ ಗಾಳಿ ಎಳೆದುಕೊಳ್ಳುವ ಕೊಳವೆ. ಬೆಳಿಗ್ಗೆ ಯಾರೂ ಬರುವ ಮುಂಚೆ ಅವು ನಿಧಾನವಾಗಿ ಇಡೀ ದಾರಿ ಸುತ್ತುತ್ತವೆ. ಆದರೆ ತಿರುವಿನ ಅಂಚಿನಲ್ಲಿ ಕೆಂಪು ಬಿಳಿ ಬಣ್ಣ ಬಳಿದ ಉಬ್ಬುಗಳಿರುತ್ತವೆ, ಅದರ ಸಂದಿಗೆ ಬ್ರಷ್ ಹೋಗುವುದಿಲ್ಲ. ಅಲ್ಲಿ ನಾವೇ ಪೊರಕೆ ಹಿಡಿಯುತ್ತೇವೆ.

ಅಭ್ಯಾಸಗಳ ನಡುವೆ ಸಮಯ ಸಿಕ್ಕಾಗ ಅಧಿಕಾರಿಗಳು ಅನುಮತಿ ಕೊಡುತ್ತಾರೆ, ಐದಾರು ಜನ ಬೇಲಿ ದಾಟಿ ಓಡುತ್ತೇವೆ. ಮರಳಿನ ಜೊತೆಗೆ ಟೈರ್‌ನಿಂದ ಉದುರಿದ ರಬ್ಬರ್ ಚೂರುಗಳೂ ಇರುತ್ತವೆ. ಬೆರಳಿನಷ್ಟು ಉದ್ದ, ಸುರುಳಿ ಸುತ್ತಿಕೊಂಡು, ಇನ್ನೂ ಬೆಚ್ಚಗೆ, ಬೂಟಿನ ಅಡಿಗೆ ಅಂಟಿಕೊಳ್ಳುತ್ತವೆ. ಕಾರಿನಿಂದ ಮುರಿದು ಬಿದ್ದ ಕಾರ್ಬನ್ ಚೂರುಗಳೂ ಸಿಗುತ್ತವೆ. ಅವನ್ನು ಬರಿಗೈಯಲ್ಲಿ ಮುಟ್ಟಬಾರದು. ನಾನು ಮೊದಲ ವರ್ಷ ಆತುರದಲ್ಲಿ ಕೈಗವಸಿಲ್ಲದೆ ಒಂದನ್ನು ಎತ್ತಿದ್ದೆ. ಕಣ್ಣಿಗೆ ಕಾಣದ ಮುಳ್ಳುಗಳು ಅಂಗೈಯಲ್ಲಿ ಎರಡು ವಾರ ಚುಚ್ಚಿದವು. ಅಂದಿನಿಂದ ಹೊಸದಾಗಿ ಬಂದ ಮಾರ್ಷಲ್‌ಗಳಿಗೆ ಮೊದಲು ಕೈಗವಸು ಹಾಕಿಸಿ, ಆಮೇಲೆ ಪೊರಕೆ ಕೊಡುತ್ತೇನೆ.

ಗುಡಿಸುವ ರೀತಿಯೂ ಒಂದಿದೆ. ಒಳಗಿನಿಂದ ಹೊರಕ್ಕೆ, ಗಾಳಿ ಬೀಸುವ ದಿಕ್ಕಿಗೆ, ಚಿಕ್ಕ ಚಿಕ್ಕ ಎಳೆತ. ಜೋರಾಗಿ ಬೀಸಿದರೆ ಮರಳು ಎದ್ದು ಮತ್ತೆ ದಾರಿಗೇ ಬೀಳುತ್ತದೆ. ನಾಲ್ಕು ನಿಮಿಷ ಆದ ಮೇಲೆ ಶಿಳ್ಳೆ ಕೇಳಿಸುತ್ತದೆ, ಪೊರಕೆ ಎತ್ತಿಕೊಂಡು ಬೇಲಿಯಾಚೆ ಬರುತ್ತೇವೆ, ಒಬ್ಬೊಬ್ಬರ ಹೆಸರು ಕೂಗಿ ಎಣಿಸುತ್ತಾರೆ. ಎಣಿಕೆ ಸರಿಹೋದ ಮೇಲೆಯೇ ಹಸಿರು ಬಾವುಟ.